ಹೊರಹರಿವು ಶುದ್ಧ, ಬಾವಿ ಹಳದಿ: ಬೆಳಗಾವಿಯ ಒಂದು ಕ್ರೋಮ್ ಲೇಪನ ಘಟಕದ ಪ್ರಕರಣ

ಹಿನ್ನೆಲೆ

ಬೆಳಗಾವಿಯಲ್ಲಿ ಫೌಂಡ್ರಿ, ಲೇತ್ ಕೆಲಸ ಮತ್ತು ಹೈಡ್ರಾಲಿಕ್ ಬಿಡಿಭಾಗಗಳ ತಯಾರಿಕೆ ಒಂದಕ್ಕೊಂದು ಆಸರೆಯಾಗಿ ಬೆಳೆದಿವೆ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಓಡಾಡಿದವರಿಗೆ ಇದು ಗೊತ್ತು. ಮಣ್ಣು ಅಗೆಯುವ ಯಂತ್ರದ ತೋಳಿನಲ್ಲಿ ಒಳಹೊರಗೆ ಸರಿಯುವ ಕನ್ನಡಿಯಂಥ ಉಕ್ಕಿನ ರಾಡ್ ಇರುತ್ತದಲ್ಲ, ಅದರ ಮೇಲಿನ ಹೊಳಪು ಗಟ್ಟಿ ಕ್ರೋಮಿಯಂ ಲೇಪನ. ಈ ಲೇಪನವನ್ನು ಬಹುಮಟ್ಟಿಗೆ ಜಾಬ್‌ವರ್ಕ್ ಮಾಡುವ ಸಣ್ಣ ಘಟಕಗಳೇ ಹಾಕಿಕೊಡುತ್ತವೆ. ಅಂಥ ಒಂದು ಘಟಕದ ಕಥೆ ಇದು. ಮಾಲೀಕರು ನನ್ನನ್ನು ಪರಿಸರ ಎಂಜಿನಿಯರ್ ಆಗಿ ಕರೆಸಿಕೊಂಡಿದ್ದರು. ಬರೆಯಲು ಅವರೂ ಒಪ್ಪಿದ್ದಾರೆ, ಪಕ್ಕದ ಹೊಲದ ರೈತರೂ ಒಪ್ಪಿದ್ದಾರೆ. ಗುರುತು ಸಿಗದಿರಲೆಂದು ಸ್ಥಳ, ಕಾಲ ಮತ್ತು ಘಟಕದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ತಂದೆ ಶುರು ಮಾಡಿದ್ದ ಘಟಕವನ್ನು ಮಗ ನಡೆಸುತ್ತಿದ್ದರು. ಕಾಗದಪತ್ರಗಳಲ್ಲಿ ಕೊರತೆ ಇರಲಿಲ್ಲ. ಲೋಹಕ್ಕೆ ಲೇಪನ ಹಾಕುವ ಉದ್ಯಮ ಮಾಲಿನ್ಯದ ವರ್ಗೀಕರಣದಲ್ಲಿ ಕೆಂಪು ವರ್ಗಕ್ಕೆ, ಅಂದರೆ ಅತಿ ಹೆಚ್ಚು ಮಾಲಿನ್ಯದ ಗುಂಪಿಗೆ, ಸೇರುತ್ತದೆ. 1974ರ ಜಲ ಕಾಯ್ದೆಯ 25ನೇ ಕಲಮಿನ ಪ್ರಕಾರ ಬೇಕಾದ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇತ್ತು. ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016ರ ಅಡಿ ಅಧಿಕಾರಪತ್ರವೂ ಇತ್ತು. ಹಿತ್ತಿಲಿನಲ್ಲಿ ಸಣ್ಣದೊಂದು ತ್ಯಾಜ್ಯನೀರು ಸಂಸ್ಕರಣಾ ಘಟಕ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಳ್ಳದಾರಿಯಲ್ಲಿ ವಿಷ ಬಿಡುತ್ತಿದ್ದ ಕಾರ್ಖಾನೆಯ ಪ್ರಕರಣವಾಗಿದ್ದರೆ ಅದರಿಂದ ಕಲಿಯುವುದು ಅಷ್ಟೇನೂ ಇರುತ್ತಿರಲಿಲ್ಲ.

ಕೆಲಸದ ರೀತಿ ಸ್ಥೂಲವಾಗಿ ಹೀಗೆ. ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಕರಗಿಸಿದ ಬಿಸಿ ದ್ರಾವಣದಲ್ಲಿ ರಾಡನ್ನು ಇಳಿಬಿಟ್ಟು ವಿದ್ಯುತ್ ಹರಿಸುತ್ತಾರೆ. ಹೊರತೆಗೆದು ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಷಟ್‌ವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ, ಹಳದಿಯಾಗಿ ಕರಗಿರುತ್ತದೆ. ಅದಕ್ಕೆ ಆಮ್ಲ ಸೇರಿಸಿ ಪಿಎಚ್ ಅನ್ನು 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ಹೋಗಿ ಹಸಿರಾಗುತ್ತದೆ, ಅಂದರೆ ಕ್ರೋಮಿಯಂ ವಿಷ ಕಡಿಮೆಯಿರುವ ರೂಪಕ್ಕೆ ಬರುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ಕೆಸರಾಗಿ ತಳಕ್ಕಿಳಿಯುತ್ತದೆ. ಹೊರಬಿಡುವ ನೀರಿನಲ್ಲಿ ಷಟ್‌ವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮೀರಬಾರದು. ಉಳಿದ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಏಳು ಪ್ರತಿಗಳ ಸಾಗಣೆ ಚೀಟಿಯೊಂದಿಗೆ ಅಧಿಕೃತ ವಿಲೇವಾರಿ ಸ್ಥಳಕ್ಕೆ ಕಳುಹಿಸಬೇಕು. ಈ ಘಟಕದ ಕೆಸರು ನಾನೂರು ಕಿಲೋಮೀಟರಿಗೂ ದೂರದ ದಾಬಸ್‌ಪೇಟೆಗೆ ಹೋಗುತ್ತಿತ್ತು.

ದೂರು

ಮಿರಗದ ಮಳೆ ಹಿಡಿದ ಮೇಲೆ ಎರಡು ಹೊಲಗಳಾಚೆಯ ಹಿರಿಯ ರೈತರೊಬ್ಬರು ಪ್ಲಾಸ್ಟಿಕ್ ಬಾಟಲಿಯಲ್ಲಿ ತಮ್ಮ ಬಾವಿಯ ನೀರು ಹಿಡಿದು ನೇರವಾಗಿ ಕಾರ್ಖಾನೆಗೆ ಬಂದರು. ನೀರು ತಿಳಿ ಹಳದಿಯಾಗಿತ್ತು. ಅವರು ಜಗಳ ತೆಗೆಯಲಿಲ್ಲ. “ಸಾಹುಕಾರರೇ, ಹಿಂದಿನ ಮಳೆಗಾಲದಲ್ಲಿ ಸ್ವಲ್ಪ ಬಣ್ಣ ಕಂಡಿತ್ತು. ಬೇಸಿಗೆಯಲ್ಲಿ ಹೋಯಿತು, ಕೆಂಪು ಮಣ್ಣಿನ ರಾಡಿ ಇರಬೇಕು ಎಂದುಕೊಂಡೆ. ಈ ಸಲ ಕೆಸರು ಇಳಿದ ಮೇಲೂ ಬಣ್ಣ ಹೋಗುತ್ತಿಲ್ಲ. ಮನೆಯಲ್ಲಿ ಕಾಯಿಸಿ ಕುಡಿಯುತ್ತಿದ್ದೇವೆ” ಎಂದರು.

ಕಾಯಿಸುವುದರಿಂದ ಕ್ರೋಮಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಒಟ್ಟು ಕ್ರೋಮಿಯಂಗೆ ಇಟ್ಟಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ನೀರು ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ಮಾಲೀಕರಿಗೆ ಇದು ತಿಳಿದಿತ್ತು. ಅಂದೇ ರೈತರ ಮನೆಗೆ ಟ್ಯಾಂಕರ್ ನೀರು ಹೊಂದಿಸಿದರು. ಆ ದಿನದ ಅತ್ಯುತ್ತಮ ನಿರ್ಧಾರ ಅದು. ತಪ್ಪು ಯಾರದೆಂದು ತಿಳಿಯುವವರೆಗೆ ಬಾಯಾರಿಕೆ ಕಾಯುವುದಿಲ್ಲ.

ಆದರೆ ತಮ್ಮ ಘಟಕದಿಂದ ಹೀಗಾಗಿದೆ ಎಂದು ಅವರಿಗೆ ಅನ್ನಿಸಲೇ ಇಲ್ಲ. “ಕಾಕಾ, ಪ್ರಯೋಗಾಲಯದ ವರದಿಗಳನ್ನು ನೀವೇ ನೋಡಿ. ನಮ್ಮಿಂದ ಹೊರಗೆ ಹೋಗುವ ನೀರು ಪ್ರತಿ ಸಲವೂ ಮಿತಿಯೊಳಗಿದೆ” ಎಂದರು. ವರದಿಗಳು ನಿಜವಾಗಿಯೂ ಹಾಗೆಯೇ ಇದ್ದವು. ಮುಂದಿನ ಗೊಂದಲವೆಲ್ಲ ಹುಟ್ಟಿದ್ದು ಆ ಸಾಚಾ ವರದಿಗಳಿಂದಲೇ.

ಮೊದಲು ಮಾಡಿದ ಪ್ರಯತ್ನಗಳು

ಸಂಸ್ಕರಣೆಯಲ್ಲಿ ಮೆಟಾಬೈಸಲ್ಫೈಟ್ ಹೆಚ್ಚಿಸಿದರು. ಹೊರಹರಿವು ಮೊದಲೇ ಸರಿಯಾಗಿದ್ದುದರಿಂದ ಅದು ವ್ಯರ್ಥವಾಯಿತು. ಸುತ್ತ ಲೋಹ ತೊಳೆಯುವ ಬೇರೆ ಘಟಕಗಳೂ ಇದ್ದುದರಿಂದ ಅನುಮಾನ ಅವುಗಳ ಮೇಲೆ ಹೋಯಿತು. ಅವು ಕ್ರೋಮಿಯಂ ಬಳಸುತ್ತಲೇ ಇರಲಿಲ್ಲ.

ಬಾವಿಯನ್ನು ಖಾಲಿ ಮಾಡಿಸಿಬಿಡೋಣ ಎಂಬ ಸಲಹೆ ಬಂತು. ಪಂಪ್ ಜೋಡಿಸುವ ಹೊತ್ತಿಗೆ ರೈತರೇ ತಡೆದರು: “ಈ ನೀರನ್ನು ಹಳ್ಳಕ್ಕೆ ಬಿಟ್ಟರೆ ಕೆಳಗಿನವರ ಬಾವಿಯ ಗತಿ ಏನು?” ಕಾಯ್ದೆಯೂ ಅದನ್ನೇ ಕೇಳುತ್ತದೆ. ಜಲ ಕಾಯ್ದೆಯ 24ನೇ ಕಲಮು ವಿಷಕಾರಿ ವಸ್ತುವನ್ನು ತಿಳಿದೂ ಹಳ್ಳ, ಬಾವಿ, ಚರಂಡಿ ಅಥವಾ ನೆಲಕ್ಕೆ ಬಿಡುವುದನ್ನು ನಿಷೇಧಿಸುತ್ತದೆ. ಕಾಯ್ದೆಯಲ್ಲಿ ‘ಪ್ರವಾಹ’ ಎಂದರೆ ಹರಿಯುವ ನದಿಯಷ್ಟೇ ಅಲ್ಲ, ಭೂಮಿಯೊಳಗಿನ ನೀರೂ ಸೇರುತ್ತದೆ. ಹಾಗಾಗಿ ಬಾವಿಯ ನೀರನ್ನು ಟ್ಯಾಂಕರ್‌ನಲ್ಲಿ ತುಂಬಿ ಘಟಕದ ಸಂಸ್ಕರಣೆಗೇ ತಂದರು. ಬಾವಿ ಕೆಲಕಾಲ ತಿಳಿಯಾಯಿತು. ಮತ್ತೊಂದು ಜಡಿಮಳೆಗೆ ಮತ್ತೆ ಹಳದಿಯಾಯಿತು. ಅಂದರೆ ವಿಷ ಬಾವಿಯಲ್ಲಿ ಇರಲಿಲ್ಲ, ಬಾವಿಗೆ ಬರುತ್ತಿತ್ತು.

ಲೆಕ್ಕ

ನನ್ನನ್ನು ಕರೆಸಿದ್ದು ಈ ಹಂತದಲ್ಲಿ. ನೀರಿನ ಮಾದರಿಗಳನ್ನು ಬದಿಗಿಟ್ಟು ಖರೀದಿ ಬಿಲ್ಲುಗಳನ್ನು ಕೇಳಿದೆ. ಕ್ರೋಮಿಯಂ ಒಂದು ಧಾತು. ಅದು ಉರಿಯುವುದಿಲ್ಲ, ಕೊಳೆಯುವುದಿಲ್ಲ, ಮಾಯವಾಗುವುದಿಲ್ಲ. ಗೇಟಿನಿಂದ ಒಳಗೆ ಬಂದ ಪ್ರತಿ ಕಿಲೋಗೂ ಒಂದು ವಿಳಾಸ ಇರಲೇಬೇಕು.

ಕ್ರೋಮಿಕ್ ಆಸಿಡ್‌ನ ತೂಕದಲ್ಲಿ ಶೇಕಡಾ 52 ಭಾಗ ಕ್ರೋಮಿಯಂ. ನೂರು ಕಿಲೋ ಖರೀದಿಸಿದರೆ 52 ಕಿಲೋ ಕ್ರೋಮಿಯಂ ಒಳಗೆ ಬಂದಂತೆ. ಅದರಲ್ಲಿ ರಾಡಿನ ಮೇಲೆ ಹೋದದ್ದೆಷ್ಟು? ಪ್ರತಿ ಕೆಲಸದ ವಿವರ ಬರೆದಿಡುವ ಜಾಬ್ ಕಾರ್ಡ್‌ಗಳಲ್ಲಿ ವ್ಯಾಸ, ಉದ್ದ, ಲೇಪನದ ದಪ್ಪ ಎಲ್ಲ ಇರುತ್ತವೆ. 25 ಮೈಕ್ರಾನ್ ದಪ್ಪಕ್ಕೆ ಒಂದು ಚದರ ಮೀಟರ್ ಲೇಪಿಸಲು ಸುಮಾರು 180 ಗ್ರಾಂ ಕ್ರೋಮಿಯಂ ಸಾಕು. ಕೆಸರಿಗೆ ಹೋದದ್ದೆಷ್ಟು? ಅಪಾಯಕಾರಿ ತ್ಯಾಜ್ಯದ ದಿನವಹಿ, ಅಂದರೆ ನಮೂನೆ 3, ಹಾಗೂ ಸಾಗಣೆ ಚೀಟಿಗಳಲ್ಲಿ ತೂಕ ಇರುತ್ತದೆ. ಕೆಸರಿನ ತೇವ ಮತ್ತು ಕ್ರೋಮಿಯಂ ಅಂಶವನ್ನು ಪ್ರಯೋಗಾಲಯ ಹೇಳುತ್ತದೆ. ಈ ಎರಡರ ಜೊತೆಗೆ ಬಾತ್‌ನಲ್ಲಿ, ಅಂದರೆ ಲೇಪನದ ದ್ರಾವಣದಲ್ಲಿ, ಉಳಿದಿರುವುದನ್ನು ಕೂಡಿಸಿದರೆ ಖರೀದಿಗೆ ಹತ್ತಿರ ಬರಬೇಕು. ಬರಲಿಲ್ಲ. ಅಳತೆಯ ಏರುಪೇರು ಎಂದು ತಳ್ಳಿಹಾಕಲಾಗದಷ್ಟು ಕ್ರೋಮಿಯಂಗೆ ವಿಳಾಸವೇ ಇರಲಿಲ್ಲ.

ಮುಂದಿನ ಪ್ರಶ್ನೆ, ಆ ಕ್ರೋಮಿಯಂ ಸಂಸ್ಕರಣೆಯ ದಾರಿಯಲ್ಲಿ ತಪ್ಪಿಸಿಕೊಂಡಿತೋ ಅಥವಾ ಆ ದಾರಿಗೇ ಬರಲಿಲ್ಲವೋ? ಇದಕ್ಕೆ ಉತ್ತರ ಮೆಟಾಬೈಸಲ್ಫೈಟ್ ಬಿಲ್ಲುಗಳಲ್ಲಿ ಸಿಕ್ಕಿತು. ಒಂದು ಕಿಲೋ ಷಟ್‌ವೇಲೆಂಟ್ ಕ್ರೋಮಿಯಂ ಅನ್ನು ಹಸಿರು ರೂಪಕ್ಕೆ ತರಲು ಲೆಕ್ಕದ ಪ್ರಕಾರ ಸುಮಾರು 2.75 ಕಿಲೋ ಮೆಟಾಬೈಸಲ್ಫೈಟ್ ಬೇಕು, ರೂಢಿಯಲ್ಲಿ ಇನ್ನೂ ಹೆಚ್ಚು. ದೂರು ಬರುವ ಮೊದಲಿನ ಖರೀದಿಗೂ ಕೆಸರಿನಲ್ಲಿದ್ದ ಕ್ರೋಮಿಯಂಗೂ ಚೆನ್ನಾಗಿ ತಾಳೆಯಾಯಿತು. ಸಂಸ್ಕರಣೆಗೆ ಬಂದ ನೀರೆಲ್ಲ ಸರಿಯಾಗಿಯೇ ಸಂಸ್ಕರಣೆಯಾಗಿತ್ತು. ಕಾಣೆಯಾದ ಕ್ರೋಮಿಯಂ ಅಲ್ಲಿಗೆ ತಲುಪಿಯೇ ಇರಲಿಲ್ಲ. ಹೊರಹರಿವಿನ ಮಾದರಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಇದು ಗೊತ್ತಾಗುತ್ತಿರಲಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಯೊಂದಿದೆ. ಈ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಕಾನೂನು ಮೊದಲೇ ಬರೆಸಿಕೊಂಡಿತ್ತು. ಕೆಸರಿನ ವಾರ್ಷಿಕ ವಿವರ ನಮೂನೆ 4ರಲ್ಲಿ ಜೂನ್ 30ರೊಳಗೆ ಹೋಗುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ 14ನೇ ನಿಯಮದ ಪ್ರಕಾರ ಸೆಪ್ಟೆಂಬರ್ 30ರೊಳಗೆ ಸಲ್ಲಿಸುವ ಪರಿಸರ ಹೇಳಿಕೆ, ಅಂದರೆ ನಮೂನೆ 5, ನೀರು ಮತ್ತು ಕಚ್ಚಾವಸ್ತುವಿನ ಬಳಕೆಯನ್ನು ಉತ್ಪನ್ನಕ್ಕೆ ತಾಳೆಹಾಕಿ ಕೇಳುತ್ತದೆ. ಎರಡೂ ಘಟಕದ ಕಪಾಟಿನಲ್ಲೇ ಇದ್ದವು, ಬೇರೆ ಬೇರೆ ಕಡತಗಳಲ್ಲಿ. ಒಂದನ್ನು ಲೆಕ್ಕಿಗರು ತುಂಬುತ್ತಿದ್ದರು, ಇನ್ನೊಂದನ್ನು ಹೊರಗಿನ ಏಜೆಂಟರು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ. ನಮೂನೆಗಳನ್ನು ಪೀಡೆ ಎಂದು ಬಗೆದು ಹಿಂದಿನ ವರ್ಷದ ಅಂಕಿಗಳನ್ನೇ ಚೂರು ತಿದ್ದಿ ಕಳುಹಿಸುವ ರೂಢಿ ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಎಷ್ಟು ಬೇರೂರಿದೆ ಎಂದು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಸರಿಯಾಗಿ ತುಂಬಿದ ನಮೂನೆ ಆಸ್ಪತ್ರೆಯಲ್ಲಿ ರೋಗಿಯ ಮಂಚಕ್ಕೆ ತೂಗುಹಾಕಿದ ಜ್ವರದ ಪಟ್ಟಿಯಂತೆ. ಓದುವವರಿದ್ದರೆ ಜೀವ ಉಳಿಸುತ್ತದೆ.

ಟ್ಯಾಂಕ್ ಕುಡಿಯುತ್ತಿತ್ತು

ಸಂಸ್ಕರಣೆಗೆ ಬಾರದ ಕ್ರೋಮಿಯಂ ಹೋಗಬಹುದಾದ ದಾರಿಗಳು ಕೆಲವೇ. ಗಾಳಿಗೆ ಏಳುವ ತುಂತುರು, ಖಾಲಿ ಡ್ರಮ್‌ಗಳು, ನೆಲಕ್ಕೆ ಚೆಲ್ಲಿದ್ದು, ಇಲ್ಲವೇ ಟ್ಯಾಂಕ್. ತುಂತುರು ಹೀರುವ ಸ್ಕ್ರಬ್ಬರ್‌ನ ನೀರು ಸಂಸ್ಕರಣೆಗೇ ಬರುತ್ತಿತ್ತು. ಡ್ರಮ್‌ಗಳನ್ನು ಒಳಗೇ ತೊಳೆಯುತ್ತಿದ್ದರು.

ಉದ್ದನೆಯ ರಾಡ್‌ಗಳನ್ನು ನೆಟ್ಟಗೆ ಇಳಿಬಿಡಬೇಕಾದ್ದರಿಂದ ಈ ಘಟಕದ ಟ್ಯಾಂಕ್ ಆಳವಾಗಿತ್ತು. ಅದರ ಬಹುಭಾಗ ನೆಲದೊಳಗಿನ ಗುಂಡಿಯಲ್ಲಿ ಕುಳಿತಿತ್ತು. ಸುತ್ತ ಕೈ ಹಾಕಲೂ ಜಾಗವಿರಲಿಲ್ಲ. ಲೇಪನದ ಮೇಸ್ತ್ರಿಯೊಂದಿಗೆ ಮಾತನಾಡಿದಾಗ ಅವರು ಸಣ್ಣ ನೋಟ್‌ಬುಕ್ ತೆಗೆದರು. ಪ್ರತಿದಿನ ಬಾತ್‌ಗೆ ಎಷ್ಟು ನೀರು, ಎಷ್ಟು ಆಸಿಡ್ ಸೇರಿಸಿದೆ ಎಂದು ತಮ್ಮ ತಿಳಿವಳಿಕೆಗಾಗಿ ಬರೆದಿಟ್ಟುಕೊಂಡಿದ್ದರು. ಬಿಸಿ ದ್ರಾವಣ ಆವಿಯಾಗುವುದು ಸಹಜ, ಅದಕ್ಕೆ ನೀರು ಸೇರಿಸುವುದೂ ಸಹಜ. ಆದರೆ ಆವಿಯಾಗುವುದು ನೀರು ಮಾತ್ರ, ಆಸಿಡ್ ಅಲ್ಲ. ಮೇಸ್ತ್ರಿಯ ಪುಸ್ತಕದಲ್ಲಿ ರಾಡ್‌ಗಳ ಕೆಲಸ ಕಡಿಮೆಯಿದ್ದ ವಾರಗಳಲ್ಲೂ ಆಸಿಡ್ ಸೇರಿಸುವುದು ಕಡಿಮೆಯಾಗಿರಲಿಲ್ಲ. “ಟ್ಯಾಂಕ್ ಕುಡಿಯುತ್ತಿದೆ ಎಂದು ಹೋದ ವರ್ಷವೇ ಹೇಳಿದ್ದೆ ಸರ್” ಎಂದರು. ಆಗಿನ ಮೇಲ್ವಿಚಾರಕರು ಅದನ್ನು ಆವಿಯ ಖಾತೆಗೆ ಬರೆದು ಮುಗಿಸಿದ್ದರು. ಪ್ರಕರಣದಲ್ಲಿ ಕೈತಪ್ಪಿದ ಅತಿ ದೊಡ್ಡ ಅವಕಾಶ ಯಾವುದೆಂದು ಕೇಳಿದರೆ ನಾನು ಆ ಕ್ಷಣವನ್ನೇ ತೋರಿಸುತ್ತೇನೆ. ಆ ಮಾತಿಗೆ ಬೆಲೆ ಸಿಕ್ಕಿದ್ದರೆ ಬಾವಿಗೆ ಒಂದು ಮಳೆಗಾಲದ ವಿಷ ತಪ್ಪುತ್ತಿತ್ತು.

ಪರೀಕ್ಷೆ ಸರಳವಾಗಿತ್ತು. ವಾರದ ರಜೆಗೆ ಮುಂಚೆ ದ್ರಾವಣವನ್ನು ತಣಿಯಬಿಟ್ಟು, ಮೇಲೆ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿದರು. ಕೆಲಸ ಮತ್ತೆ ಶುರುವಾಗುವ ಮುನ್ನ ನೋಡಿದರೆ ಮಟ್ಟ ಗುರುತಿಗಿಂತ ಕೆಳಗಿತ್ತು. ದ್ರಾವಣವನ್ನು ಬೇರೆಡೆಗೆ ವರ್ಗಾಯಿಸಿ ಟ್ಯಾಂಕ್ ಎತ್ತಿದಾಗ ಒಳಹೊದಿಕೆ ಬೆಸುಗೆಯ ಬಳಿ ಸೀಳಿತ್ತು, ಹೊರಗಿನ ಉಕ್ಕು ಕೊರೆದುಹೋಗಿತ್ತು. ಗುಂಡಿಗೆ ಹಾಕಿದ್ದ ಆಮ್ಲನಿರೋಧಕ ಇಟ್ಟಿಗೆಯ ಸಂದುಗಳೂ ಬಿಟ್ಟುಕೊಂಡಿದ್ದವು. ಕೆಳಗಿನ ಮಣ್ಣು ಹಳದಿಯಾಗಿತ್ತು. ಮಳೆಗಾಲದಲ್ಲಿ ಮಾತ್ರ ಬಾವಿ ಬಣ್ಣಗೊಳ್ಳುತ್ತಿದ್ದುದರ ಗುಟ್ಟೂ ಬಯಲಾಯಿತು. ಬೆಳಗಾವಿಯ ಮಳೆಗೆ ಅಂತರ್ಜಲ ಮೇಲೇರಿ ಈ ಮಣ್ಣನ್ನು ತೊಳೆಯುತ್ತಿತ್ತು, ಕೆಳಗಿನ ಕಪ್ಪುಕಲ್ಲಿನ ಬಿರುಕುಗಳ ದಾರಿಯಲ್ಲಿ ಇಳಿಜಾರಿನತ್ತ ಸಾಗುತ್ತಿತ್ತು.

ಮಂಡಳಿಗೆ ತಿಳಿಸುವುದೋ ಬೇಡವೋ

ಮಾಲೀಕರ ಆಪ್ತರ ಸಲಹೆ ಒಂದೇ ದಿಕ್ಕಿನಲ್ಲಿತ್ತು. ಟ್ಯಾಂಕ್ ಸರಿಪಡಿಸಿ, ಮಣ್ಣು ತೆಗೆಸಿ, ಕಾಂಕ್ರೀಟ್ ಹಾಕಿ, ರೈತರಿಗೆ ಒಂದಿಷ್ಟು ಹಣ ಕೊಟ್ಟು ಮುಗಿಸಿ. ತಾವಾಗಿ ಹೋಗಿ ಹೇಳಿದರೆ ನೋಟಿಸನ್ನು ಮನೆಗೆ ಕರೆತಂದಂತೆ. ಮಣ್ಣನ್ನು ಹೊಸ ಬಡಾವಣೆಯೊಂದರ ತಗ್ಗು ತುಂಬಲು ಒಯ್ಯುವುದಾಗಿ ಟಿಪ್ಪರ್‌ನವರೊಬ್ಬರು ಮುಂದೆಯೂ ಬಂದರು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಅಪಘಾತದಿಂದಲೋ ಅನಿರೀಕ್ಷಿತ ಘಟನೆಯಿಂದಲೋ ವಿಷಕಾರಿ ವಸ್ತು ನೀರಿಗೆ ಸೇರಿದರೆ, ಸೇರುವ ಸಂಭವವಿದ್ದರೂ, ಕೂಡಲೇ ಮಂಡಳಿಗೆ ತಿಳಿಸಬೇಕೆಂದು ಜಲ ಕಾಯ್ದೆಯ 31ನೇ ಕಲಮು ಹೇಳುತ್ತದೆ. 2016ರ ನಿಯಮಗಳ 22ನೇ ನಿಯಮ ಅಪಘಾತದ ವರದಿಯನ್ನು ನಮೂನೆ 11ರಲ್ಲಿ ಕೇಳುತ್ತದೆ. 23ನೇ ನಿಯಮ ಹಾನಿಯ ಹೊಣೆಯನ್ನು ತ್ಯಾಜ್ಯದ ಒಡೆಯನ ಮೇಲೆ ಹೊರಿಸುತ್ತದೆ. ರಾಜಸ್ಥಾನದ ಬಿಚ್ಛ್‌ರಿ ಗ್ರಾಮದ ಬಾವಿಗಳನ್ನು ಕಾರ್ಖಾನೆಯ ಕೆಸರು ಕೆಡಿಸಿದ ಪ್ರಕರಣದಲ್ಲಿ, ಆಮೇಲೆ ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ವೆಲ್ಲೂರು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 1996ರಲ್ಲೇ ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕು ಎಂದಿತ್ತು. ಆ ಬೆಲೆಯಲ್ಲಿ ನೊಂದವರ ಪರಿಹಾರದ ಜೊತೆಗೆ ಕೆಟ್ಟ ಪರಿಸರವನ್ನು ಸರಿಪಡಿಸುವ ವೆಚ್ಚವೂ ಸೇರುತ್ತದೆ.

ಇದನ್ನೆಲ್ಲ ಹೇಳಿದೆ. ಆದರೆ ಮಾಲೀಕರ ಮನಸ್ಸನ್ನು ತಿರುಗಿಸಿದ್ದು ಕಲಮುಗಳಲ್ಲ, ಮಣ್ಣು. ಅಗೆದ ಮಣ್ಣೂ ಈಗ ಅಪಾಯಕಾರಿ ತ್ಯಾಜ್ಯ. ಸಾಗಣೆ ಚೀಟಿಯೊಂದಿಗೆ ದಾಬಸ್‌ಪೇಟೆಗೆ ಕಳುಹಿಸಿದರೆ ಮಂಡಳಿಗೆ ತಿಳಿದೇ ತಿಳಿಯುತ್ತದೆ. ಚೀಟಿಯಿಲ್ಲದೆ ಟಿಪ್ಪರ್‌ಗೆ ತುಂಬಿದರೆ ಅದು ಇನ್ನೊಂದು ಊರಿನ ಇನ್ನೊಂದು ಬಾವಿಯ ಪಕ್ಕಕ್ಕೆ ಹೋಗುತ್ತದೆ. ಮೂರನೆಯ ದಾರಿ ಇರಲಿಲ್ಲ. “ಆ ಬಡಾವಣೆಯಲ್ಲಿ ನಾಳೆ ಯಾರೋ ಬೋರ್‌ವೆಲ್ ಕೊರೆಸುತ್ತಾರಲ್ಲ” ಎಂದು ಅವರೇ ಹೇಳಿ ಟಿಪ್ಪರ್‌ನವರನ್ನು ವಾಪಸ್ ಕಳುಹಿಸಿದರು. ಮರುದಿನವೇ ಲಿಖಿತ ವರದಿ ಸಲ್ಲಿಸಿದರು. ಈ ನಿರ್ಧಾರಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ಬ್ಯಾಂಕಿನ ಸಾಲ ತಲೆಯ ಮೇಲಿರುವಾಗ, ಕೈಯಲ್ಲಿ ಆರ್ಡರ್‌ಗಳಿರುವಾಗ ಮಾಡಿದ ಆಯ್ಕೆ ಅದು.

ನಡೆದದ್ದು

ಶಿಕ್ಷೆ ತಪ್ಪಲಿಲ್ಲ. ಅಧಿಕಾರಿಗಳು ಬಂದು 21ನೇ ಕಲಮಿನ ವಿಧಾನದಂತೆ ಮಾದರಿಗಳನ್ನು ಎಲ್ಲರೆದುರು ಸೀಲ್ ಮಾಡಿ ಒಯ್ದರು. 33ಎ ಕಲಮಿನ ಅಡಿ ಲೇಪನದ ಸಾಲನ್ನು ನಿಲ್ಲಿಸಲು ನಿರ್ದೇಶನ ಬಂತು. ಪರಿಸರ ಪರಿಹಾರದ ಮೊತ್ತ ಕಟ್ಟಬೇಕಾಯಿತು. ಕೆಲಸ ನಿಂತ ತಿಂಗಳುಗಳಲ್ಲಿ ಕೆಲವು ಗ್ರಾಹಕರು ಬೇರೆ ಘಟಕಗಳತ್ತ ಹೋದರು, ಒಬ್ಬಿಬ್ಬರು ಹಿಂದಿರುಗಲೇ ಇಲ್ಲ. ತಾವಾಗಿ ಹೇಳಿದವರಿಗೆ ಎಲ್ಲವೂ ಸುಗಮವಾಗುತ್ತದೆ ಎಂದು ನಾನು ಬರೆಯಲಾರೆ. ಆದರೆ ಶುದ್ಧೀಕರಣದ ಯೋಜನೆಯನ್ನು ತಾವೇ ರೂಪಿಸಿ ಮುಂದಿಡುವ ಅವಕಾಶ ಸಿಕ್ಕಿತು. ಬೇರೆಯವರು ಪತ್ತೆಹಚ್ಚಿದ್ದರೆ ಆ ಮಾತುಕತೆ ಆರೋಪಿಯ ಸ್ಥಾನದಿಂದ ನಡೆಯುತ್ತಿತ್ತು.

ಹಳದಿ ಮಣ್ಣನ್ನು ಅಗೆದು ಚೀಟಿಯೊಂದಿಗೆ ಕಳುಹಿಸಿದರು. ಹೊಸ ಟ್ಯಾಂಕನ್ನು ಗುಂಡಿಯಲ್ಲಿ ಇಳಿಸಲಿಲ್ಲ. ನೆಲದ ಮೇಲೆ ಕಾಲುಗಳ ಮೇಲೆ ನಿಲ್ಲಿಸಿ, ಸುತ್ತ ಕಟ್ಟೆ ಕಟ್ಟಿ, ಕೆಳಗಿನ ನೆಲ ಸದಾ ಕಣ್ಣಿಗೆ ಬೀಳುವಂತೆ ಮಾಡಿದರು. ಇದಕ್ಕಾಗಿ ಶೆಡ್ಡಿನ ಒಂದು ಭಾಗದ ಮಾಡನ್ನೇ ಎತ್ತರಿಸಬೇಕಾಯಿತು. ಖರ್ಚಿನ ಪಟ್ಟಿಯಲ್ಲಿ ಭಾರವಾದ ಸಾಲು ಅದೇ, ಆದರೂ ನನ್ನ ದೃಷ್ಟಿಯಲ್ಲಿ ಬಿಡಲೇಬಾರದ ಸಾಲು. ಕಾಣದ ಟ್ಯಾಂಕಿನ ಸೋರಿಕೆ ಕಾಣುವುದು ನೆರೆಯವರ ಬಾವಿಯಲ್ಲಿ. ತೊಳೆಯುವ ಕ್ರಮವನ್ನೂ ಬದಲಿಸಿದರು. ಒಂದೇ ತೊಟ್ಟಿಯಲ್ಲಿ ಹರಿಯುವ ನೀರಿನ ಬದಲು ಮೂರು ತೊಟ್ಟಿಗಳ ಎದುರುಹರಿವಿನ ತೊಳೆತ ಬಂತು, ಅಂದರೆ ರಾಡ್ ಸಾಗುವ ದಿಕ್ಕಿಗೆ ಎದುರಾಗಿ ನೀರು ತೊಟ್ಟಿಯಿಂದ ತೊಟ್ಟಿಗೆ ಹರಿಯುತ್ತದೆ. ಮೊದಲ ತೊಟ್ಟಿಯ ಗಾಢ ನೀರು ಆವಿಯಾದುದರ ಬದಲಿಗೆ ಬಾತ್‌ಗೇ ಮರಳುತ್ತದೆ. ಖರೀದಿಸುವ ಆಸಿಡ್ ಇಳಿಯಿತು, ಕೆಸರೂ ಇಳಿಯಿತು. ಮೇಸ್ತ್ರಿಯ ನೋಟ್‌ಬುಕ್ ಈಗ ಅಧಿಕೃತ ದಾಖಲೆ. ಪ್ರತಿ ತಿಂಗಳು ಅದನ್ನು ಖರೀದಿ, ಜಾಬ್ ಕಾರ್ಡ್ ಮತ್ತು ಕೆಸರಿನ ತೂಕದೊಂದಿಗೆ ಒಂದೇ ಹಾಳೆಯಲ್ಲಿ ತಾಳೆ ನೋಡುತ್ತಾರೆ. ಈ ಹಾಳೆಗೆ ಗಣಕಯಂತ್ರದ ಜಾಣತನವೇನೂ ಬೇಕಿಲ್ಲ. ಡ್ರಮ್‌ಗಳನ್ನು ತೂಗುವ ಶಿಸ್ತು ಮತ್ತು ಬಾತ್‌ನ ಸಾಂದ್ರತೆಯನ್ನು ನಿಯಮಿತವಾಗಿ ಅಳೆಯುವ ಅಭ್ಯಾಸ ಇದ್ದರೆ ಯಾವ ಲೇಪನ ಘಟಕವಾದರೂ ಮಾಡಬಹುದು. ವ್ಯತ್ಯಾಸ ಸೊನ್ನೆ ಬರಬೇಕೆಂದಿಲ್ಲ. ಅದು ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ ಕೆಲಸ ನಿಲ್ಲಿಸಿ ಹುಡುಕಬೇಕು.

ರೈತರ ಕುಟುಂಬದ ನಷ್ಟ ಹಣದಲ್ಲಿ ಪೂರ್ತಿ ತೂಗುವಂಥದ್ದಲ್ಲ. ಆ ಬಾವಿಯ ನೀರಿನಲ್ಲಿ ಬೆಳೆದ ಮೆಂತ್ಯ, ಕೊತ್ತಂಬರಿಯನ್ನು ಅವರು ತಾವಾಗಿಯೇ ಸಂತೆಗೆ ಒಯ್ಯುವುದನ್ನು ನಿಲ್ಲಿಸಿದ್ದರು. ಯಾರೂ ಹೇಳದೆ ಅವರು ಪಾಲಿಸಿದ ಆ ಎಚ್ಚರ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಸಂಗತಿ. ಲಿಖಿತ ಒಪ್ಪಂದದಲ್ಲಿ ಬೆಳೆನಷ್ಟ, ಕುಡಿಯುವ ನೀರಿನ ಕೊಳವೆ ಸಂಪರ್ಕ ಮತ್ತು ಕುಟುಂಬದ ವೈದ್ಯಕೀಯ ತಪಾಸಣೆ ಸೇರಿದವು. ಇನ್ನೊಂದು ಷರತ್ತನ್ನು ಅವರ ಸೊಸೆ ಹಾಕಿಸಿದರು: ಬಾವಿಯ ನೀರಿನ ಪ್ರತಿ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಕುಡಿಯುವ ನೀರಿನ ಮಿತಿಯನ್ನು ಪಕ್ಕದಲ್ಲೇ ನಮೂದಿಸಿ, ಮಂಡಳಿಗೆ ಹೋಗುವ ದಿನವೇ ತಮ್ಮ ಮನೆಗೂ ಬರಬೇಕು. ಹೊರಹರಿವಿನ ವರದಿಯೊಂದನ್ನೇ ತೋರಿಸಿ ಮಾತು ಮುಗಿಸಿದ್ದ ದಿನವನ್ನು ಆ ಮನೆಯವರು ಮರೆತಿರಲಿಲ್ಲ.

ಬಾವಿಯ ನೀರನ್ನು ಎತ್ತಿ ಘಟಕದಲ್ಲಿ ಸಂಸ್ಕರಿಸುವ ಕೆಲಸ ಈಗಲೂ ನಡೆದಿದೆ. ಬಣ್ಣ ಹೋಗಿದೆ, ಕ್ರೋಮಿಯಂ ಪೂರ್ತಿ ಹೋಗಿಲ್ಲ. ಬೇಸಿಗೆಯಲ್ಲಿ ಇಳಿದದ್ದು ಮಳೆಗಾಲದಲ್ಲಿ ತುಸು ಏರುತ್ತದೆ, ಏಕೆಂದರೆ ಬಂಡೆಯ ಬಿರುಕುಗಳಲ್ಲಿ ಉಳಿದದ್ದನ್ನು ಯಾವ ಯಂತ್ರವೂ ಅಗೆದು ತೆಗೆಯಲಾರದು. ಘಟಕ ಮತ್ತು ಬಾವಿಯ ನಡುವೆ ಕೊರೆದ ವೀಕ್ಷಣಾ ಕೊಳವೆಗಳಿಂದಲೂ ಮಾದರಿ ತೆಗೆಯುತ್ತಾರೆ. ಪಂಪ್ ಯಾವಾಗ ನಿಲ್ಲಿಸಬಹುದು ಎಂಬ ಬಗ್ಗೆ ದೀರ್ಘ ಚರ್ಚೆಯಾಯಿತು. ಒಂದು ಬೇಸಿಗೆಯ ಒಳ್ಳೆಯ ಫಲಿತಾಂಶ ಸಾಕೆಂಬ ವಾದವನ್ನು ರೈತರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಮಳೆ ಜೋರಾಗಿರುವ ತಿಂಗಳುಗಳಲ್ಲಿ ತೆಗೆದ ಮಾದರಿಗಳು ಸತತ ಎರಡು ಮಳೆಗಾಲ 0.05ರ ಕೆಳಗೆ ನಿಂತ ಮೇಲೆಯೇ ಪಂಪ್ ನಿಲ್ಲಿಸುವುದು, ಅಲ್ಲಿಯವರೆಗಿನ ವೆಚ್ಚ ಘಟಕದ್ದು ಎಂದು ಒಪ್ಪಂದದಲ್ಲಿ ಬರೆದಿದ್ದೇವೆ.